ಲಾಗಿನ್‌ಗೆ ಗಡಿಯಾರ ಕಟ್ಟಿದವರಿಗೆ, ಶಹಾಬಾದ್ ಕಡೆಯಿಂದ



ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಾವು ಅರ್ಜಿ ತುಂಬುವ ತಂತ್ರಾಂಶದಲ್ಲಿ ‘ಇಷ್ಟು ನಿಮಿಷ ಸುಮ್ಮನಿದ್ದರೆ ಹೊರಗೆ ಹಾಕು’ ಎಂದು ಬರೆದವರು ನೀವು. ಶಹಾಬಾದ್ ಮತ್ತು ವಾಡಿ ನಡುವಿನ ರಸ್ತೆ ಬದಿಯಲ್ಲಿ ಒಂದು ಕೋಣೆ, ಒಂದು ಕಂಪ್ಯೂಟರ್, ಒಂದು ಬೆರಳಚ್ಚಿನ ಯಂತ್ರ ಇಟ್ಟುಕೊಂಡು ಕೂತಿರುವ ಆಪರೇಟರ್ ನಾನು. ನೀವು ಬರೆದ ಆ ಸಾಲು ನನ್ನ ಮೇಜಿನ ಮೇಲೆ ಏನು ಮಾಡುತ್ತದೆ ಎಂಬುದನ್ನು ನಿಮಗೆ ತಿಳಿಸಬೇಕು.

ಹೋದ ವಾರ ಒಬ್ಬ ಹಿರಿಯರು ಬಂದಿದ್ದರು. ಫರಸಿ ಕಲ್ಲಿನ ಖಣಿಯಲ್ಲಿ ದುಡಿದು ಹಣ್ಣಾದ ಕೈ. ಬೆರಳ ತುದಿಯ ಗೆರೆಗಳು ಸವೆದು, ಚರ್ಮ ಕಲ್ಲಿನಂತೆಯೇ ನುಣುಪಾಗಿದೆ. ಎರಡು ಪುಟ ತುಂಬಿ ಮುಗಿಸಿ ಹೆಬ್ಬೆರಳು ಇಡಿಸಿದೆ; ಯಂತ್ರ ಒಪ್ಪಲಿಲ್ಲ. ತೋರುಬೆರಳೂ ಒಪ್ಪಲಿಲ್ಲ. ಹೊರಗಿಟ್ಟ ಕೊಡದ ನೀರಲ್ಲಿ ಕೈ ತೊಳೆದು ಬಂದರು. ಒದ್ದೆ ಬಟ್ಟೆಯಿಂದ ಯಂತ್ರದ ಗಾಜು ಒರೆಸಿದೆ, ಅವರ ಬೆರಳು ಒರೆಸಿದೆ, ನನ್ನ ಕೈಯಿಂದಲೇ ಒತ್ತಿ ಹಿಡಿದೆ. ಏಳನೆಯದೋ ಎಂಟನೆಯದೋ ಸಲಕ್ಕೆ ಹಸಿರು ದೀಪ ಹತ್ತಿತು. ಇಬ್ಬರೂ ನಕ್ಕೆವು. ‘ಮುಂದುವರಿಸಿ’ ಒತ್ತಿದರೆ ಪರದೆಯ ಮೇಲೆ ಬಂದದ್ದು: ನಿಮ್ಮ ಅವಧಿ ಮುಗಿದಿದೆ, ಮತ್ತೆ ಲಾಗಿನ್ ಆಗಿ.

“ತಮ್ಮಾ, ಮತ್ತ ಒತ್ತಬೇಕೇನು?” ಅಂದರು.

“ಹೌದ್ರೀ ಕಾಕಾ, ಮೊದಲಿಂದ.”

ಅಷ್ಟರಲ್ಲಿ ಕರೆಂಟ್ ಹೋಯಿತು. ಸೋಮವಾರ ಬರುತ್ತೇನೆ ಎಂದು ಹೊರಟುಬಿಟ್ಟರು.

ಚಿಂಚೋಳಿ ಕಡೆಯ ಒಬ್ಬ ತಾಯಿಯದು ಇನ್ನೊಂದು ಥರ. ಆಕೆಯ ಆಧಾರ್‌ಗೆ ಜೋಡಿಸಿದ ಮೊಬೈಲ್ ಇರುವುದು ಹೈದರಾಬಾದಿನಲ್ಲಿ ದುಡಿಯುವ ಮಗನ ಬಳಿ. ಓಟಿಪಿ ಅವನಿಗೆ ಹೋಗಬೇಕು, ಅವನು ಕೆಲಸ ಬಿಟ್ಟು ಫೋನ್ ನೋಡಬೇಕು, ಆರು ಅಂಕಿ ಓದಿ ಹೇಳಬೇಕು. ಆ ಹೊತ್ತಿನಲ್ಲಿ ನಿಮ್ಮ ಗಡಿಯಾರಕ್ಕೆ ಕಾಣುವುದು ಅಲುಗದ ಕೀಲಿಮಣೆ ಮಾತ್ರ.

ಅದೂ ಪೂರ್ತಿ ನಿಜವಲ್ಲ ಎಂದು ನಿಮಗೇ ಗೊತ್ತು. ಬಹಳಷ್ಟು ಜಾಲತಾಣಗಳಲ್ಲಿ ನಾನು ಒಂದೇ ಸಮನೆ ಟೈಪ್ ಮಾಡುತ್ತಿದ್ದರೂ ಸರ್ವರ್‌ಗೆ ಸುದ್ದಿ ಮುಟ್ಟುವುದು ಗುಂಡಿ ಒತ್ತಿದಾಗಲೇ. ವಂಶವೃಕ್ಷದ ಹೆಸರುಗಳನ್ನು ಒಂದೊಂದಾಗಿ ಕೇಳಿ ಕನ್ನಡದಲ್ಲಿ ಕೂಡಿಸುತ್ತಿರುವವನೂ ಅದರ ಲೆಕ್ಕದಲ್ಲಿ ನಿದ್ದೆಗೆ ಜಾರಿದವನೇ.

ಗಡಿಯಾರವೇ ಬೇಡ ಎನ್ನುವವನು ನಾನಲ್ಲ. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವುದನ್ನು ತೋರಿಸಿತು. ಅಷ್ಟು ದುಬಾರಿ ಯಂತ್ರದಲ್ಲಿ ಕೆಲಸವಿಲ್ಲದೆ ಜಾಗ ಹಿಡಿದು ಕೂತವನನ್ನು ಎಬ್ಬಿಸಲೇಬೇಕಿತ್ತು. ಇಂದಿಗೂ ಲಿನಕ್ಸ್ ಕಲಿತ ಹುಡುಗರಿಗೆ ‘ಟಿಎಂಔಟ್’ ಗೊತ್ತು: ಅದಕ್ಕೆ 600 ಎಂದು ಕೊಟ್ಟರೆ ಹತ್ತು ನಿಮಿಷ ಆಜ್ಞೆ ಬರದಿದ್ದಾಗ, ಆಜ್ಞೆಗಳನ್ನು ಓದುವ ‘ಬ್ಯಾಶ್’ ಬಾಗಿಲು ಹಾಕಿಕೊಳ್ಳುತ್ತದೆ. ಆದರೆ ಅದು ಎಣಿಸುವುದು ಆಜ್ಞೆಗಾಗಿ ತಾನೇ ಕಾಯುತ್ತಿರುವಾಗ ಮಾತ್ರ. ಎಡಿಟರಿನೊಳಗೆ ಕಡತ ತೆರೆದು ಯೋಚಿಸುತ್ತ ಕೂತವನನ್ನು ಅದು ಮುಟ್ಟುವುದಿಲ್ಲ. ಕೆಲಸ ಅರ್ಧಕ್ಕೆ ನಿಂತಿರುವುದಕ್ಕೂ ಖಾಲಿ ಕೂತಿರುವುದಕ್ಕೂ ಇರುವ ಅಂತರ ಅಷ್ಟು ಹಳೆಯ ಏರ್ಪಾಟಿನಲ್ಲೇ ಇದೆ.

ಅಧಿಕಾರಿಗಳ ಲಾಗಿನ್ ವಿಷಯಕ್ಕೆ ಬಂದರೆ ನೀವು ಇನ್ನೂ ಬಿಗಿ ಮಾಡಬೇಕು. ಈ ಶತಮಾನದ ಆರಂಭದಲ್ಲೇ ಜಮೀನು ದಾಖಲೆಗಳ ‘ಭೂಮಿ’ ತಂತ್ರಾಂಶಕ್ಕೆ ಸಿಬ್ಬಂದಿಯ ಬೆರಳಚ್ಚು ಬೇಕೆಂದು ಮಾಡಿದ್ದರಲ್ಲ, ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಪಹಣಿ ತಿದ್ದಬಾರದು ಎಂದೇ. ನಾನೇ ಒಮ್ಮೆ ಚಹಾ ಕುಡಿದು ಬರುವಷ್ಟರಲ್ಲಿ ನನ್ನ ಕುರ್ಚಿಯಲ್ಲಿ ಇನ್ಯಾರೋ ಕೂತು ಮೌಸ್ ಆಡಿಸುತ್ತಿದ್ದರು. ಏನೂ ಆಗಲಿಲ್ಲ, ಆದರೆ ಆ ದಿನ ಎದೆ ಹೊಡೆದುಕೊಂಡದ್ದು ಮರೆತಿಲ್ಲ. ಜಮೀನಿನ ಹೆಸರು ಬದಲಾಗುವ ಗುಂಡಿ ಇರುವ ಪರದೆಯನ್ನು ಎರಡೇ ನಿಮಿಷಕ್ಕೆ ಮುಚ್ಚಿ, ನನ್ನ ತಕರಾರಿಲ್ಲ.

ಅರ್ಜಿ ತುಂಬುವ ಪರದೆ ಬೇರೆ. ಅಲ್ಲಿ ಮುಚ್ಚುವ ಮೊದಲು ಕೇಳಿ. ಜಾಲತಾಣಗಳ ಅಂತರರಾಷ್ಟ್ರೀಯ ಸುಗಮತೆ ನಿಯಮಗಳು 2008ರಿಂದಲೂ ಇದನ್ನೇ ಹೇಳುತ್ತಿವೆ: ಅವಧಿ ಮುಗಿಯುವ ಮೊದಲು ಎಚ್ಚರಿಸಿ, ಒಂದು ಗುಂಡಿ ಒತ್ತಿ ಮುಂದೂಡಲು ಕನಿಷ್ಠ 20 ಸೆಕೆಂಡ್ ಕೊಡಿ, ಹತ್ತು ಸಲವಾದರೂ ಹಾಗೆ ಮುಂದೂಡಲು ಬಿಡಿ. ನಮ್ಮ ದೇಶದ ಸರ್ಕಾರಿ ಜಾಲತಾಣಗಳ ಮಾರ್ಗಸೂಚಿಯೂ ಆ ನಿಯಮಗಳನ್ನೇ ಆಧರಿಸಿದೆ. ಹೊರಗೆ ಹಾಕಲೇಬೇಕಾಗಿ ಬಂದರೆ ತುಂಬಿದ್ದನ್ನು ಕರಡಾಗಿ ಉಳಿಸಿ. ಮತ್ತೆ ಒಳಗೆ ಬಂದಾಗ ಬಿಟ್ಟಲ್ಲಿಂದ ಹಿಡಿಯುತ್ತೇವೆ. ಬೆರಳು ಇಡುವ ಹೊತ್ತಿನಲ್ಲಂತೂ ಗಡಿಯಾರ ನಿಲ್ಲಿಸಿ, ಏಕೆಂದರೆ ಆಗ ಯಂತ್ರದ ಮುಂದೆ ಒಬ್ಬರಲ್ಲ, ಇಬ್ಬರು ಕೂತಿರುತ್ತಾರೆ.

ಸಾಧ್ಯವಾದರೆ ಒಂದು ದಿನ ಬನ್ನಿ. ಸೇಡಂನಲ್ಲಿ 371(ಜೆ) ಮೀಸಲಾತಿಯ ಪ್ರಮಾಣಪತ್ರಕ್ಕೆ ಓಡಾಡುವ ಹುಡುಗರನ್ನು ನೋಡಿ, ಚಿತ್ತಾಪುರದಲ್ಲಿ ಪಹಣಿಗೆ ನಿಂತವರನ್ನು ನೋಡಿ, ಆಮೇಲೆ ನನ್ನ ಪಕ್ಕದ ಸ್ಟೂಲಿನ ಮೇಲೆ ಅರ್ಧ ದಿನ ಕೂಡಿ. ಸೋಮವಾರ ಬಂದರೆ ಕಾಕಾ ಸಿಗುತ್ತಾರೆ. ಆ ದಿನದ ಕೂಲಿ ಬಿಟ್ಟು ಬರುವವರಿದ್ದಾರೆ. ನಾನು ಅವರ ಅರ್ಜಿಯ ಎರಡೂ ಪುಟ ಕಾಗದದಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಇಂತಿ ನಿಮ್ಮ,
ಒಬ್ಬ ಕಂಪ್ಯೂಟರ್ ಆಪರೇಟರ್