ಪೈಪು ಕ್ಯಾಪ್ಟನ್ನರು

ಇಂಗ್ಲೆಂಡಿನ ಸೌತಾಂಪ್ಟನ್ ಪಕ್ಕದ ಹ್ಯಾಂಬಲ್ ನದಿಯಲ್ಲಿ ಹಾಯಿದೋಣಿಗಳು ಒತ್ತೊತ್ತಾಗಿ ನಿಂತಿರುತ್ತವೆ. ಭಾನುವಾರ ಬಿಸಿಲು ಬಿತ್ತೋ, ಹಾಯಿ ಬಿಚ್ಚಿಕೊಂಡು ಸೊಲೆಂಟ್ ಜಲಸಂಧಿಗೆ ಹೊರಟುಬಿಡುತ್ತವೆ. ಹೊರಡದೆ ಉಳಿದ ದೋಣಿಯೊಳಗೆ ಇಣುಕಿ. ಎರಡು ಪಾದ ಕಂಡರೆ ಅವು ನಮ್ಮ ಕ್ಯಾಪ್ಟನ್ನರವು. ಮಿಕ್ಕ ಶರೀರ ಕಕ್ಕಸಿನ ಹಿಂದಿನ ಗೂಡಿನಲ್ಲಿದೆ.

ನಿವೃತ್ತರು. ಕ್ಯಾಪ್ಟನ್ ಪದವಿ ತಮಗೆ ತಾವೇ ದಯಪಾಲಿಸಿಕೊಂಡದ್ದು. ದೋಣಿ ಕೊಂಡದ್ದು ಕಡಲು ಸುತ್ತುವುದಕ್ಕೆ. ಸುತ್ತುತ್ತಿರುವುದು ಮಾತ್ರ ಕಕ್ಕಸಿನ ಪೈಪು. ಒಳಗೆ ಏನೋ ವಾಸನೆ ಎಂದು ಹೆಂಡತಿ ಬಾಯಿ ತಪ್ಪಿ ಅಂದರೆ ಸಾಕು, ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಪೈಪಿನ ಮೈ ಒರೆಸಿ, ಅತ್ತರು ಕೊಳ್ಳುವ ನವಾಬರಂತೆ ಕಣ್ಣುಮುಚ್ಚಿ ಮೂಸುತ್ತಾರೆ. ಬಟ್ಟೆ ನಾರಿತೋ, ಪೈಪು ಸೋರದಿದ್ದರೂ ಅದರ ಗೋಡೆಯೊಳಗೇ ವಾಸನೆ ಇಳಿದಿದೆ ಎಂದು ಅರ್ಥ. ಪರೀಕ್ಷೆ ಶಾಸ್ತ್ರೋಕ್ತವೇ. ಆದರೆ ಆ ಬಟ್ಟೆಯನ್ನು ಅತಿಥಿಗಳ ಮೂಗಿಗೂ ಹಿಡಿಯಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಆಮೇಲೆ ಅಂಗಡಿ. ಕಡಲ ನೀರು ಒಳಕ್ಕೆ ಎಳೆಯಲು 19 ಮಿ.ಮೀ., ಆದದ್ದನ್ನು ಹೊರಗೆ ಕಳಿಸಲು 38 ಮಿ.ಮೀ. ಇಷ್ಟು ಹೇಳಿದರೆ ಅಂಗಡಿಯ ಹುಡುಗ ಕತ್ತರಿಸಿ ಕೊಡುತ್ತಾನೆ. ಇವರು ಬಿಡಬೇಕಲ್ಲ! ಏಣೇಣಾದ ಅಗ್ಗದ ಪೈಪು ತೋರಿಸಿದರೆ ಮುಖ ಸಿಂಡರಿಸುತ್ತಾರೆ: ಒಳಮೈ ನುಣುಪಿಲ್ಲದಿದ್ದರೆ ಕೊಳಕು ನಿಲ್ಲುತ್ತದೆ. ದಪ್ಪ ಗೋಡೆಯ, ಬೆಲೆಯೂ ದಪ್ಪವಾದ ಬಿಳಿ ಪೈಪೇ ಆಗಬೇಕು. ಅದನ್ನು ಬಗ್ಗಿಸಿ, ಒಳಗೆ ಬೆರಳಾಡಿಸಿ, ಕಣ್ಣಿಟ್ಟು ನೋಡುವಾಗ ಹಿಂದಿನ ಗಿರಾಕಿಗಳು ಗಡಿಯಾರ ನೋಡುತ್ತಾರೆ.

ಜೋಡಣೆಯ ದಿನ ಚಹಾದ ಫ್ಲಾಸ್ಕಿನಲ್ಲಿ ಚಹಾ ಇರುವುದಿಲ್ಲ, ಪೈಪಿನ ತುದಿ ಮೆತ್ತಗಾಗಿಸುವ ಬಿಸಿನೀರು ಇರುತ್ತದೆ. ಪಾತ್ರೆ ಸೋಪು ಸವರಿ ತಳ್ಳುತ್ತಾರೆ. ಪೈಪು ಜಗ್ಗದು, ಇವರೂ ಜಗ್ಗರು. ಕೊನೆಗೆ ಕೂತ ಮೇಲೆ ಒಂದೊಂದು ತುದಿಗೆ ಎರಡೆರಡು ಸ್ಟೀಲಿನ ಕ್ಲಿಪ್ಪು, ಸ್ಕ್ರೂಗಳು ಎದುರುಬದುರು. ಈ ತಿರುಪಿನ ಕ್ಲಿಪ್ಪಿಗೆ 1921ರಲ್ಲಿ ಪೇಟೆಂಟ್ ಪಡೆದವರು ನೌಕಾಪಡೆಯ ಕಮಾಂಡರ್ ಲಮ್ಲಿ ರಾಬಿನ್ಸನ್. ಅವರ ಹೆಸರನ್ನು ಕ್ಯಾಪ್ಟನ್ನರು ಕುಲದೇವರ ಹೆಸರೆತ್ತುವ ಭಕ್ತಿಯಿಂದ ಎತ್ತುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಅವರನ್ನು ನೋಡಿ ನಗುವಂತಿಲ್ಲ. ನೀರಿನ ಮಟ್ಟಕ್ಕಿಂತ ಸಾಕಷ್ಟು ಎತ್ತರಕ್ಕೆ ಪೈಪನ್ನು ಕಮಾನಿನಂತೆ ಬಗ್ಗಿಸಿ, ನೆತ್ತಿಯಲ್ಲಿ ಗಾಳಿಯಾಡುವ ವಾಲ್ವು ಇಡದೆ ಹೋದರೆ, ತಳದ ವಾಲ್ವು ಮುಚ್ಚಲು ಮರೆತ ರಾತ್ರಿ ಕಡಲು ಕಕ್ಕಸಿನ ಬಟ್ಟಲಿನ ಮೂಲಕವೇ ಒಳಗೆ ಬರುತ್ತದೆ. ಹಾಗೆ ಮುಳುಗಿದ ದೋಣಿಗಳುಂಟು. ಎಂಥ ನಾವಿಕನೂ ಬಯಸದ ಸಾವು!

ಹಳೇ ಪೈಪನ್ನೂ ಎಸೆಯುವುದಿಲ್ಲ. ಕಡಲ ನೀರೂ ಮೂತ್ರವೂ ಸೇರಿ ಒಳಗೆ ಸುಣ್ಣ ಕಟ್ಟಿರುತ್ತದೆ. ಅದನ್ನು ಉದುರಿಸಲು ಕಟ್ಟೆಯ ಮೇಲೆ ಪೈಪು ಬಡಿಯುತ್ತಾರೆ, ಅದೂ ಪಕ್ಕದ ದೋಣಿಯವರು ತಿಂಡಿಗೆ ಕೂತ ಹೊತ್ತಿನಲ್ಲಿ. ಮುಂದೆ ಸುಣ್ಣ ಕಟ್ಟದಿರಲೆಂದು ಚಿಪ್ಸಿಗೆ ತಂದ ವಿನೆಗರ್ ಅಷ್ಟನ್ನೂ ಬಟ್ಟಲಿಗೆ ಸುರಿಯುತ್ತಾರೆ.

ಎಲ್ಲ ಮುಗಿದ ಸಂಜೆ ಅತಿಥಿಯೊಬ್ಬರು ಮೆಲ್ಲಗೆ ಆ ಬಾಗಿಲ ಕಡೆ ಹೆಜ್ಜೆ ಹಾಕಿದರೆ ಕ್ಯಾಪ್ಟನ್ನರು ಅಡ್ಡ ನಿಲ್ಲುತ್ತಾರೆ.

"ದಡದಲ್ಲಿ ಶೌಚಾಲಯ ಇದೆ, ಬಹಳ ಚೊಕ್ಕಟ. ನಮ್ಮ ಮನೆಯವರೂ ಅಲ್ಲಿಗೇ ಹೋಗಿದ್ದಾರೆ. ಇದಕ್ಕೆ ಈಗ ತಾನೇ ಹೊಸ ಪೈಪು ಹಾಕಿದ್ದೇನೆ, ನೋಡಿ."