ಕೀಲಿಕೈ ಯಾರ ಹಂತ್ಯಾಕ ಐತ್ರಿ?

ಬನಹಟ್ಟಿಯ ನೇಕಾರ ಓಣಿಯಲ್ಲಿ ರಾತ್ರಿ ಒಂದು ಸುತ್ತು ಹಾಕಿ ಬನ್ನಿ. ಮಗ್ಗದ ಶೆಡ್ಡಿಗೆ ಕಬ್ಬಿಣದ ಶಟರು, ಶಟರಿನ ಎರಡೂ ತುದಿಗೆ ಕೀಲಿ, ಒಳಗೊಂದು ಗ್ರಿಲ್ಲು, ಅದಕ್ಕೂ ಕೀಲಿ. ಕಿಟಕಿಗೆ ಸರಳು, ಸರಳಿನ ಸಂದಿಯಲ್ಲಿ ಬೆಕ್ಕು ನುಗ್ಗೀತೆಂದು ಜಾಳಿಗೆ. ತಪ್ಪೇನಿಲ್ಲ. ಒಳಗಿನ ನೂಲು ಎಷ್ಟೋ ಸಲ ನೇಕಾರನದಲ್ಲ, ಮಾಲಕರು ಕೂಲಿಗೆ ಕೊಟ್ಟದ್ದು. ಹೋದರೆ ಲೆಕ್ಕ ಒಪ್ಪಿಸಬೇಕು. ಆದರೆ ಈ ಬಂದೋಬಸ್ತೆಲ್ಲ ಕಳ್ಳನೊಬ್ಬನನ್ನೇ ನೆನೆದು ಮಾಡಿದ್ದು. ಬೆಂಕಿ ಹೊರಗಿನಿಂದ ಬರುವ ಪೈಕಿ ಅಲ್ಲ. ಸ್ವಿಚ್ ಬೋರ್ಡಿನ ಮೇಲೆ ಕೂತ ಅರಳೆಯ ಧೂಳಿನಲ್ಲಿ, ಸಡಿಲಾದ ವೈರಿನ ತುದಿಯಲ್ಲಿ ಅದು ಮೊದಲೇ ವಾಸ್ತವ್ಯ ಹೂಡಿರುತ್ತದೆ. ಕೀಲಿ ಜಡಿಯುವಾಗ ಅದನ್ನೂ ಭದ್ರವಾಗಿ ಒಳಗೇ ಇಟ್ಟು ಬರುತ್ತೇವೆ.

ಬೆಂಕಿ ಎದ್ದು ಅಗ್ನಿಶಾಮಕ ಗಾಡಿ ಬಂದು ನಿಂತ ಮೇಲಿನ ಸಂಭಾಷಣೆ ಬರೆಯಲು ನಾಟಕಕಾರ ಬೇಕಿಲ್ಲ.

“ಕೀಲಿಕೈ ಯಾರ ಹಂತ್ಯಾಕ ಐತ್ರಿ?”

“ಸಾವಕಾರ್ರ ಹಂತ್ಯಾಕರಿ.”

“ಅವರೆಲ್ಲಿ?”

“ಲಗ್ನಕ್ಕ ಇಚಲಕರಂಜಿಗೆ ಹೋಗ್ಯಾರ್ರಿ.”

“ಮತ್ತ ಡೂಪ್ಲಿಕೇಟ್?”

“ಅದು ಒಳಗ ಐತ್ರಿ.”

ಕಾನೂನಿನ ಪ್ರಕಾರ ಇಷ್ಟು ಕೇಳುವ ಅಗತ್ಯವೂ ಇಲ್ಲ. ಬೆಂಕಿ ಬಿದ್ದಾಗ ಬಾಗಿಲು ಒಡೆದು ಒಳಹೋಗುವ ಅಧಿಕಾರವನ್ನು 1964ರ ಕರ್ನಾಟಕ ಅಗ್ನಿಶಾಮಕ ದಳ ಕಾಯ್ದೆ ಕೊಟ್ಟೇ ಇದೆ. ಆದರೆ ಕಾಯ್ದೆ ಕೊಟ್ಟದ್ದು ಅಧಿಕಾರ. ಶಟರನ್ನು ಸೀಳಲು ಗರಗಸ, ಹಾರೆ, ಕಟರ್ ಬೇಕು, ಅದಕ್ಕೂ ಮಿಗಿಲಾಗಿ ಹೊತ್ತು ಬೇಕು. ಅಷ್ಟರಲ್ಲಿ ಗುಂಪಿನಿಂದ ಒಬ್ಬ ಹಿರಿಯರು ಮುಂದೆ ಬಂದು, “ಮುರೀಬ್ಯಾಡ್ರೀ, ಶಟರು ಹೋದ ತಿಂಗಳ ಹಾಕಿಸ್ಯಾರ” ಎನ್ನುತ್ತಾರೆ. ಒಳಗೆ ಉರಿಯುತ್ತಿರುವುದು ಹಳೆಯ ಮಾಲು ತಾನೆ, ಹೊಸ ಶಟರಿನ ಮುಂದೆ ಅದರದೇನು ಲೆಕ್ಕ!

ಈ ಸೀಮೆಯ ಅಗ್ನಿಶಾಮಕ ಗಾಡಿಗಳು ನಿರಾತಂಕವಾಗಿ ಕೆಲಸ ಮಾಡುವ ಜಾಗವೊಂದಿದೆ: ಕಬ್ಬಿನ ಹೊಲ. ಅಲ್ಲಿ ಬಾಗಿಲಿಲ್ಲ. ಬೀಳಗಿ ತಾಲೂಕಿನವರಿಗೆ ಇನ್ನೊಂದು ಅನುಭವವೂ ಇದೆ. ಆಲಮಟ್ಟಿಯ ಹಿನ್ನೀರು ಅವರ ಊರುಗಳನ್ನು ಹೊಕ್ಕಾಗ ಯಾರ ಕೀಲಿಕೈಯನ್ನೂ ಕೇಳಲಿಲ್ಲ. ಸರಕಾರದ ನೀರು ಸಲೀಸಾಗಿ ಮನೆಯೊಳಗೆ ಹೋಗಬಲ್ಲದು, ಮುಳುಗಿಸುವ ಉದ್ದೇಶವಿದ್ದರೆ. ಆರಿಸುವ ಉದ್ದೇಶದ್ದಾದರೆ ಹೊಸ್ತಿಲಾಚೆ ನಿಂತು ಕಾಯಬೇಕು. ಇನ್ನು ಮುಧೋಳ. ಕೀಲಿಕೈ ಹಿಡಿದು ನಾಪತ್ತೆಯಾದ ಕಾವಲುಗಾರನನ್ನು ಹುಡುಕಿ ತರಲು ಸೈನ್ಯಕ್ಕೂ ಸೇರಿದ ಮುಧೋಳ ನಾಯಿಯನ್ನೇ ಬಿಡಬಹುದಿತ್ತು. ತೊಂದರೆಯೆಂದರೆ ಅದು ವಾಸನೆಗಿಂತ ನೋಟವನ್ನು ನಂಬಿ ಬೆನ್ನಟ್ಟುವ ತಳಿ. ಕಾವಲುಗಾರ ಕಣ್ಣಿಗೆ ಬಿದ್ದರಲ್ಲವೆ! ಜಮಖಂಡಿಯದು ಬೇರೆಯೇ ಕಥೆ. ಪಟವರ್ಧನ ಅರಸರು 1948ರಲ್ಲಿ ಇಡೀ ಸಂಸ್ಥಾನವನ್ನೇ ಬಿಟ್ಟುಕೊಟ್ಟ ಊರದು. ಅಲ್ಲಿಯ ಪೇಟೆಯ ಗೋದಾಮಿನ ಒಂದು ಕೀಲಿಕೈಯನ್ನು ಪಕ್ಕದ ಅಂಗಡಿಯವನ ಕೈಗೆ ಕೊಡಲು ಮಾತ್ರ ಮೂರು ತಲೆಮಾರಿನ ಭಾವಕಿ ಅಡ್ಡ ಬರುತ್ತದೆ.

ನಗುವಷ್ಟು ನಕ್ಕಾಯಿತು. ನಮ್ಮ ಬಾಗಲಕೋಟೆ ಜಿಲ್ಲೆ ಹುಟ್ಟಿದ 1997ರಲ್ಲೇ, ಜೂನ್ 13ರಂದು, ದಿಲ್ಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಬಾಲ್ಕನಿಯ ಬಾಗಿಲಿಗೆ ಚಿಲಕ ಬಿದ್ದಿತ್ತು. ನೋಡಿಕೊಳ್ಳಬೇಕಾದ ದ್ವಾರಪಾಲಕ, ಬದಲಿ ಆಳು ಬರುವ ಮೊದಲೇ ಪಾಳಿ ಮುಗಿಸಿ ಹೋಗಿದ್ದ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು ಒಂಬತ್ತು ಜನ ಹೋದರು. ಹೊರಬರುವ ಬಾಗಿಲುಗಳಿಗೆ ಅಲ್ಲೂ ಕೀಲಿ. ನಿರ್ಗಮನದ ಬಾಗಿಲು ಒಳಗಿನಿಂದ ಕೀಲಿಕೈ ಇಲ್ಲದೆಯೇ ತೆರೆಯುವಂತಿರಬೇಕು ಎಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಒಳ್ಳೆಯ ಪುಸ್ತಕ. ಬಹುಶಃ ಅದನ್ನೂ ಯಾವುದೋ ಕಚೇರಿಯ ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದಾರೆ.

ಹೊರಗಿನಿಂದ ಬರುವವರ ದಾರಿಗೆ ಬೇರೆ ದೇಶದವರು ಒಂದು ಉಪಾಯ ಕಂಡುಕೊಂಡಿದ್ದಾರೆ. ಅಮೆರಿಕದಲ್ಲಿ 1975ರಲ್ಲಿ ಹುಟ್ಟಿದ ನಾಕ್ಸ್ ಕಂಪನಿ ಮಾರುವುದು ಒಂದು ಸಣ್ಣ ಉಕ್ಕಿನ ಪೆಟ್ಟಿಗೆ. ಅದನ್ನು ಮುಂಬಾಗಿಲ ಬಳಿ ಗೋಡೆಗೆ ಕೂರಿಸಿ, ಕಟ್ಟಡದ ಕೀಲಿಕೈಗಳನ್ನು ಮಾಲಕರು ಒಳಗಿಡುತ್ತಾರೆ. ಪೆಟ್ಟಿಗೆಯ ಕೀಲಿಕೈ ಆ ಊರಿನ ಅಗ್ನಿಶಾಮಕ ದಳದ ಬಳಿ ಮಾತ್ರ. ಅದೂ ಗಾಡಿಯಲ್ಲಿ ಬಂಧಿಯಾಗಿರುತ್ತದೆ. ಸಂಕೇತ ಒತ್ತಿದರಷ್ಟೇ ಬಿಡುಗಡೆ, ಯಾರು ಎಷ್ಟು ಹೊತ್ತಿಗೆ ತೆಗೆದರೆಂಬುದು ದಾಖಲಾಗುತ್ತದೆ. ಜರ್ಮನರು ಇನ್ನೂ ಅನುಮಾನದವರು. ಅವರ ಪೆಟ್ಟಿಗೆಯ ಹೊರಬಾಗಿಲು ಕಟ್ಟಡದ ಬೆಂಕಿ ಗಂಟೆ ಬಾರಿಸಿದ ಹೊರತು ತೆರೆಯುವುದೇ ಇಲ್ಲ. ಒಳಬಾಗಿಲಿಗೆ ಮತ್ತೆ ದಳದ ಕೀಲಿಕೈ.

ಈ ಪೆಟ್ಟಿಗೆ ನಮ್ಮ ನಾಲ್ಕು ಊರಿಗೂ ಬರಲಿ ಎಂದು ಆಶಿಸಲು ನನಗೆ ಭಯ. ಬಂದರೆ ಏನಾಗುತ್ತದೆಂದು ಗೊತ್ತು. ಮೊದಲು ಟೆಂಡರು. ಪೆಟ್ಟಿಗೆಗೆ ಒಬ್ಬ ಗುತ್ತಿಗೆದಾರ, ಅದರ ಕೀಲಿಗೆ ಇನ್ನೊಬ್ಬ. ಎರಡೂ ಒಂದಕ್ಕೊಂದು ಕೂಡದಿದ್ದರೆ ಮೂರನೆಯವನಿಗೆ ದುರಸ್ತಿ. ಮುಚ್ಚಳದ ಮೇಲೆ ಜನಪ್ರತಿನಿಧಿಗಳ ಭಾವಚಿತ್ರ. ಮಾಸ್ಟರ್ ಕೀಲಿಕೈ ಯಾರ ಬಳಿ ಇರಬೇಕೆಂದು ತಹಶೀಲ್ದಾರರು, ನಗರಸಭೆ, ಹೆಸ್ಕಾಂ ನಡುವೆ ಪತ್ರವ್ಯವಹಾರ. ಕೊನೆಗೆ ಸುರಕ್ಷತೆಯ ದೃಷ್ಟಿಯಿಂದ ಅದನ್ನು ಕಚೇರಿಯ ತಿಜೋರಿಯಲ್ಲಿಟ್ಟು, ಕಚೇರಿ ಐದೂವರೆಗೆ ಬಂದ್.

ಉತ್ಪ್ರೇಕ್ಷೆ ಎನ್ನುವವರು ಪುರಿಗೆ ಹೋಗಿ ಬರಲಿ. ಜಗನ್ನಾಥನ ರತ್ನಭಂಡಾರದ ಒಳಕೋಣೆಯ ಕೀಲಿಕೈ ಇಲ್ಲವೆಂದು 2018ರಲ್ಲಿ ಗೊತ್ತಾಯಿತು. ಗದ್ದಲವಾದ ಮೇಲೆ ಲಕೋಟೆಯೊಂದರಲ್ಲಿ ನಕಲಿ ಕೀಲಿಕೈ ಸಿಕ್ಕಿತು. 2024ರ ಜುಲೈ 14ರಂದು ಹಾಕಿ ತಿರುಗಿಸಿದರೆ ಅದು ತಿರುಗಲಿಲ್ಲ; ಕೀಲಿ ಒಡೆದರು. ದೇವರು ಆರು ವರ್ಷ ಕಾದ. ಹೊಗೆ ಕುಡಿದ ಮನುಷ್ಯನಿಗೆ ಅಷ್ಟು ಪುರುಸೊತ್ತಿಲ್ಲ.

ಕೀಲಿಕೈ ಕಾಯುವ ವಿದ್ಯೆ ನಮಗೆ ಬರುವುದಿಲ್ಲ ಅಂತಲ್ಲ. ಮತಯಂತ್ರದ ಕೋಣೆಗೆ ಜೋಡಿ ಕೀಲಿ, ಅರಗಿನ ಮುದ್ರೆ, ಹಗಲೂ ರಾತ್ರಿ ಬಂದೂಕಿನ ಕಾವಲು, ಕ್ಯಾಮೆರಾ; ತೆರೆಯುವಾಗ ಅಭ್ಯರ್ಥಿಗಳ ಎದುರಿಗೇ ತೆರೆದು ಚಿತ್ರೀಕರಣ. ಯಾವ ಕೀಲಿಕೈ ಯಾರ ಕೈಯಲ್ಲಿದೆ ಎಂಬುದು ಆ ದಿನಗಳಲ್ಲಿ ಪಕ್ಕಾ ಗೊತ್ತಿರುತ್ತದೆ. ಮತ ಹಾಕಿದವನು ಮನೆಗೆ ಹೋಗಿ ಶಟರಿನ ಹಿಂದೆ ಮಲಗಿದ ಮೇಲೆ ಅವನ ಬಾಗಿಲಿನ ಚಿಂತೆ ಯಾವ ಆಯೋಗದ ವ್ಯಾಪ್ತಿಗೂ ಬರುವುದಿಲ್ಲ.

ಹಾಗಾಗಿ ಉಕ್ಕಿನ ಪೆಟ್ಟಿಗೆ ಸದ್ಯ ಬೇಡ. ಓಣಿಯಲ್ಲಿ ಯಾವಾಗಲೂ ಇರುವ ಒಬ್ಬರ ಹೆಸರು, ಫೋನ್ ನಂಬರು ಅಗ್ನಿಶಾಮಕ ಠಾಣೆಯ ವಹಿಯಲ್ಲಿರಲಿ, ಇನ್ನೊಂದು ಕೀಲಿಕೈ ಅವರ ಬಳಿ ಇರಲಿ. ಇಷ್ಟಕ್ಕೆ ಟೆಂಡರ್ ಕರೆಯಲು ಬರುವುದಿಲ್ಲ, ಆದ್ದರಿಂದಲೇ ಆಗಲಿಕ್ಕಿಲ್ಲ.

ಮುಂಬೈ ಬಂದರಿನಲ್ಲಿ 1944ರ ಏಪ್ರಿಲ್ 14ರಂದು ಫೋರ್ಟ್ ಸ್ಟೈಕಿನ್ ಹಡಗು ಸಿಡಿದು 66 ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕೊಟ್ಟರು. ಅವರ ನೆನಪಿಗೆ ವರ್ಷವೂ ಆ ದಿನದಿಂದ ಸಪ್ತಾಹ ನಡೆಯುತ್ತದೆ. ಬಯಲಿನಲ್ಲಿ ಬೆಂಕಿ ಹಚ್ಚುತ್ತಾರೆ, ಆರಿಸುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಬಯಲಿಗೂ ಬಾಗಿಲಿಲ್ಲವಲ್ಲ. ಮುಂದಿನ ಏಪ್ರಿಲ್‌ನಲ್ಲಿ ಆ ಪ್ರದರ್ಶನವನ್ನು ರಬಕವಿಯ ಪೇಟೆಯಲ್ಲಿ ರಾತ್ರಿ ಹನ್ನೊಂದಕ್ಕೆ, ಇಳಿಸಿದ ಶಟರೊಂದರ ಮುಂದೆ ಇಟ್ಟುಕೊಳ್ಳಲಿ. ಬೆಂಕಿ ಬೇಡ, ನೀರೂ ಬೇಡ. ಗಾಡಿ ಬಂದು ನಿಂತ ಮೇಲೆ ಕೀಲಿಕೈ ಎಷ್ಟು ಹೊತ್ತಿಗೆ ಬರುತ್ತದೆ, ಅಷ್ಟೇ. ಮುಖ್ಯ ಅತಿಥಿಗಳಿಗೆ ಮೆತ್ತನೆಯ ಕುರ್ಚಿ ಹಾಕಿಸಿ. ಊಟದ ವ್ಯವಸ್ಥೆಯೂ ಇದ್ದರೆ ಒಳ್ಳೆಯದು.