ಆ ಜಾಗದ ಅಳತೆ ಕೊಡಿ: ಟೂರಿಂಗ್ ಬೈಕ್ ತಯಾರಕರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ನೀವು ಮಾಡುವ ಟೂರಿಂಗ್ ಬೈಕ್‌ಗಳ ಎಂಜಿನ್ ಬಗ್ಗೆ ನನಗೆ ಅಪಾರ ಗೌರವವಿದೆ. ಹೊತ್ತುಹೊತ್ತಿಗೆ ಆಯಿಲ್ ಬದಲಿಸಿ, ಟೈರು, ಬ್ರೇಕು ನೋಡಿಕೊಂಡರೆ ಇಪ್ಪತ್ತು ವರ್ಷ ತಕರಾರಿಲ್ಲದೆ ಓಡುತ್ತವೆ. ಅದೇ ಬೈಕಿನ ಫೇರಿಂಗ್‌ನಲ್ಲಿ, ಅಂದರೆ ಮುಂದಿನ ಗಾಳಿತಡೆ ಕವಚದಲ್ಲಿ, ನೀವು ಕೂರಿಸಿ ಕೊಡುವ ಸ್ಟೀರಿಯೊ ಮಾತ್ರ ಏಳೆಂಟು ವರ್ಷಕ್ಕೇ ಹಳತಾಗಿಬಿಡುತ್ತದೆ. ಅದಕ್ಕೆ ನಿಮ್ಮನ್ನು ದೂರುವುದಿಲ್ಲ, ಎಲೆಕ್ಟ್ರಾನಿಕ್ಸ್ ಇರುವುದೇ ಹಾಗೆ. ಆದರೆ ಹಳತಾದದ್ದನ್ನು ತೆಗೆದು ಹೊಸದು ಹಾಕಲು ಹೋದವನಿಗೆ ಹೆಜ್ಜೆಹೆಜ್ಜೆಗೂ ಅಡ್ಡ ಬರುವಂತೆ ಅದನ್ನು ಕಟ್ಟಿದ್ದು ನಿಮ್ಮದೇ ತೀರ್ಮಾನ. ಆ ತೀರ್ಮಾನವನ್ನು ಬದಲಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ನಾರ್ತ್ ಕ್ಯಾರೊಲಿನಾದಲ್ಲಿ ನೆಲೆಸಿರುವ ಕನ್ನಡಿಗ. ನನ್ನ ಬೈಕು 2009ರ ಮಾದರಿ, ಸೆಕೆಂಡ್ ಹ್ಯಾಂಡ್ ಕೊಂಡದ್ದು. ಅದರ ರೇಡಿಯೊದಲ್ಲಿ ಸಿಡಿ ಹಾಕುವ ಕಿಂಡಿಯಿದೆ, ಪಕ್ಕದಲ್ಲಿ ಆಕ್ಸ್ ಸಾಕೆಟ್ ಇದೆ, ಬ್ಲೂಟೂತ್ ಇಲ್ಲ. 2016ರಲ್ಲಿ ಐಫೋನ್ 7 ಬಂದಾಗ ಹೆಡ್‌ಫೋನ್ ಜಾಕ್ ಹೋಯಿತು, ಉಳಿದ ಫೋನ್‌ಗಳಲ್ಲೂ ಅದು ಒಂದೊಂದಾಗಿ ಮಾಯವಾಯಿತು. ಅಲ್ಲಿಗೆ ಆ ಸಾಕೆಟ್ಟಿಗೂ ಕೆಲಸವಿಲ್ಲದಾಯಿತು. ಇಲ್ಲಿನ ಕನ್ನಡಿಗರು ಆಕಾಶವಾಣಿಯ ಕನ್ನಡ ಪ್ರಸಾರ ಕೇಳುವುದು ಫೋನಿನ ಆಪ್‌ನಲ್ಲಿ. ಬ್ಲೂ ರಿಡ್ಜ್ ಪಾರ್ಕ್‌ವೇಯಲ್ಲಿ ಬೈಕ್ ಓಡಿಸುವಾಗ ಬೆಟ್ಟದ ತಿರುವುಗಳಲ್ಲಿ ಸಿಗ್ನಲ್ ಸಿಗದು, ಹಾಡುಗಳನ್ನು ಯುಎಸ್‌ಬಿ ಕಡ್ಡಿಗೆ ತುಂಬಿಕೊಂಡೇ ಹೋಗಬೇಕು. 469 ಮೈಲಿ ಉದ್ದದ, ಗಂಟೆಗೆ 45 ಮೈಲಿಗಿಂತ ವೇಗವಾಗಿ ಹೋಗಬಾರದ ಆ ದಾರಿಗೆ ಹಾಡು ಚೆನ್ನಾಗಿ ಹೊಂದುತ್ತದೆ. ನನ್ನ ರೇಡಿಯೊಗೆ ಆಪೂ ಗೊತ್ತಿಲ್ಲ, ಕಡ್ಡಿಯೂ ಗೊತ್ತಿಲ್ಲ. ಡೀಲರ್ ಹತ್ತಿರ ಕೇಳಿದರೆ ಆ ಮಾದರಿಯ ಯೂನಿಟ್ ಈಗ ಬರುತ್ತಿಲ್ಲ, ಹೊಸ ಮಾದರಿಯದು ಈ ಬೈಕಿಗೆ ಕೂರುವುದಿಲ್ಲ ಎಂದರು.

ಹಾಗಾಗಿ ಬೇರೆ ಕಂಪನಿಯ ಯೂನಿಟ್ ತಂದೆ, ಗೆಳೆಯನ ಗ್ಯಾರೇಜಿನಲ್ಲಿ ಫೇರಿಂಗ್ ಬಿಚ್ಚಿದೆವು. ಮೊದಲು ಸೀಟು ತೆಗೆದು ಬ್ಯಾಟರಿಯ ನೆಗೆಟಿವ್ ತಂತಿ ಕಳಚಬೇಕು. ಆಮೇಲೆ ವಿಂಡ್‌ಶೀಲ್ಡು, ಆಮೇಲೆ ಹೊರಗಿನ ಕವಚದ ಟಾರ್ಕ್ಸ್ ಸ್ಕ್ರೂಗಳು, ಹೆಡ್‌ಲೈಟಿನ ಪ್ಲಗ್ಗು. ಕವಚ ಕೈಗೆ ಬಂದ ಮೇಲೆ ಒಳಗೆ ಕಾಣುವುದು ಕಪ್ಪು ಪೆಟ್ಟಿಗೆಯೊಂದು, ಅದರ ಬೆನ್ನಿಗೆ ನಿಮ್ಮ ಬೈಕ್‌ಗಳಲ್ಲಿ ಬಿಟ್ಟು ಬೇರೆಲ್ಲೂ ಸಿಗದ ಕನೆಕ್ಟರು. ಹೊಸ ಯೂನಿಟ್ಟಿನ ಹಿಂದಿನಿಂದ ಹೊರಟ ತಂತಿಗಳನ್ನು ಕಾರ್ ಸ್ಟೀರಿಯೊ ಜೋಡಿಸುವ ಯಾವ ಹುಡುಗನಾದರೂ ಕಣ್ಣುಮುಚ್ಚಿ ಗುರುತಿಸುತ್ತಾನೆ. ಹಳದಿ ಸದಾ ಬ್ಯಾಟರಿಗೆ, ಕೆಂಪು ಇಗ್ನಿಷನ್‌ಗೆ, ಕಪ್ಪು ಗ್ರೌಂಡ್‌ಗೆ, ನೀಲಿ-ಬಿಳಿ ಪಟ್ಟೆಯದು ಆಂಪ್ಲಿಫೈಯರ್ ಆನ್ ಮಾಡುವುದಕ್ಕೆ. ಮುಂದಿನ ಎಡ ಸ್ಪೀಕರ್‌ಗೆ ಬಿಳಿ, ಬಲಕ್ಕೆ ಬೂದು. ಈ ಬಣ್ಣಗಳನ್ನು ಪೈಪೋಟಿಯ ಕಂಪನಿಗಳೂ ಒಪ್ಪಿ ನಡೆದುಕೊಂಡು ಬಂದಿವೆ. ನಿಮ್ಮ ಕಡೆಯ ತಂತಿಗಳಿಗೆ ಮಾತ್ರ ನಿಮ್ಮದೇ ಬಣ್ಣ, ನಿಮ್ಮದೇ ಕ್ರಮ.

ಮಲ್ಟಿಮೀಟರ್ ಹಿಡಿದು ಒಂದೊಂದೇ ಪಿನ್ ಮುಟ್ಟಿ, ಯಾವುದರಲ್ಲಿ ಕೀ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರುತ್ತದೆ, ಯಾವುದರಲ್ಲಿ ಸದಾ ಇರುತ್ತದೆ ಎಂದು ಕಾಗದದಲ್ಲಿ ಬರೆದುಕೊಂಡೆವು. ಬೈಕಿನಲ್ಲಿ ತಂತಿ ತಿರುಚಿ ಟೇಪು ಸುತ್ತಿದರೆ ನಡೆಯುವುದಿಲ್ಲ. ವಿ-ಟ್ವಿನ್ ಎಂಜಿನ್ನಿನ ಅದುರಾಟಕ್ಕೆ ಆ ಜೋಡಣೆ ಒಂದು ಬೇಸಿಗೆಯೊಳಗೆ ಸಡಿಲಾಗುತ್ತದೆ. ಒಳ್ಳೆಯ ಕ್ರಿಂಪು, ಮೇಲೆ ಹೀಟ್‌ಶ್ರಿಂಕು, ಕನೆಕ್ಟರಿಗೆ ಡೈಎಲೆಕ್ಟ್ರಿಕ್ ಗ್ರೀಸು, ಹ್ಯಾಂಡಲ್ ಪೂರ್ತಿ ತಿರುಗಿದಾಗಲೂ ತಂತಿ ಎಳೆಯದಷ್ಟು ಸಡಿಲ. ಈ ಕೆಲಸ ನಿಧಾನದ್ದು, ನನಗೆ ಇಷ್ಟವಾದದ್ದು. ಪಿನ್ ಹುಡುಕಿದ ಆ ಹೊತ್ತು ಮಾತ್ರ ಶುದ್ಧ ವ್ಯರ್ಥ. ಒಂದು ಪುಟದ ವೈರಿಂಗ್ ನಕ್ಷೆಯನ್ನು ನೀವು ಮಾಲೀಕನ ಕೈಪಿಡಿಯಲ್ಲಿ ಅಚ್ಚು ಹಾಕಿದ್ದರೆ ಅದರ ಅಗತ್ಯವೇ ಇರುತ್ತಿರಲಿಲ್ಲ.

ಕಾರು ತಯಾರಕರು ಈ ಸಮಸ್ಯೆಯನ್ನು ಎಂದೋ ಬಗೆಹರಿಸಿಕೊಂಡಿದ್ದರು. ಜರ್ಮನಿಯ ಡಿಐಎನ್ 75490 ಎಂಬ ಮಾನದಂಡ ಕಾರ್ ರೇಡಿಯೊದ ಮುಖ ಸುಮಾರು 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ ಇರಲಿ ಎಂದಿತು. ಅದೇ ಮುಂದೆ ಐಎಸ್‌ಒ 7736 ಆಯಿತು. ಹಿಂಬದಿಯ ಪ್ಲಗ್ಗಿಗೆ ಐಎಸ್‌ಒ 10487 ಬಂತು. ಹಾಗಾಗಿಯೇ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮಾರುತಿಗೆ ಹೊಸ ಸ್ಟೀರಿಯೊ ಹಾಕಿಸಿಕೊಳ್ಳುವುದೂ ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್‌ಗೆ ಹಾಕಿಸಿಕೊಳ್ಳುವುದೂ ಬಹುಕಾಲ ಒಂದೇ ಬಗೆಯ ಕೆಲಸವಾಗಿತ್ತು. ಈಚೆಗೆ ಕಾರಿನವರೂ ದೊಡ್ಡ ಪರದೆಗಳ ಹಿಂದೆ ಬಿದ್ದು ಆ ಶಿಸ್ತನ್ನು ಕೈಬಿಡುತ್ತಿದ್ದಾರೆ, ಅದು ಬೇರೆ ದುಃಖ. ನೀವಂತೂ ಅದನ್ನು ಸರಿಯಾಗಿ ಹಿಡಿದದ್ದೇ ಇಲ್ಲ.

ನಿಮ್ಮ ರೇಡಿಯೊಗಳಲ್ಲಿ ಒಳ್ಳೆಯದೇನೂ ಇಲ್ಲವೆಂದು ಹೇಳಲಾರೆ. ವೇಗ ಏರಿದಂತೆ ತಾನೇ ಏರುವ, ಸಿಗ್ನಲ್‌ನಲ್ಲಿ ನಿಂತಾಗ ತಾನೇ ಇಳಿಯುವ ವಾಲ್ಯೂಮ್, ಹೆಬ್ಬೆರಳಿಗೆ ಸಿಗುವ ಗುಂಡಿ, ಹಿಂದೆ ಕೂತವರ ಜತೆ ಮಾತಾಡುವ ಇಂಟರ್‌ಕಾಮ್, ಇತರ ವಾಹನದವರ ಜತೆ ಮಾತಾಡುವ ಸಿಬಿ ರೇಡಿಯೊ, 162 ಮೆಗಾಹರ್ಟ್ಜ್ ಆಸುಪಾಸಿನಲ್ಲಿ ಹವಾಮಾನ ಇಲಾಖೆಯ ಎಚ್ಚರಿಕೆ ಹಿಡಿಯುವ ವೆದರ್ ಬ್ಯಾಂಡ್. ಮಳೆಯಲ್ಲಿ ನೆನೆದರೂ ಕೆಡದ ಮುಖ, ನಡುಹಗಲ ಬಿಸಿಲಿನಲ್ಲೂ ಓದಬಹುದಾದ ಅಕ್ಷರ. ಕಾರಿಗೆಂದು ಮಾಡಿದ ಅಗ್ಗದ ಯೂನಿಟ್ ತಂದು ಬೈಕಿಗೆ ಹಾಕಿದವರಿಗೆ ಇವುಗಳ ಬೆಲೆ ಮೊದಲ ಮಳೆಯಲ್ಲೇ ತಿಳಿಯುತ್ತದೆ. ಬೈಕಿಗೋ ದೋಣಿಗೋ ಎಂದೇ ಮಾಡಿದ ಯೂನಿಟ್ ಹಾಕಿದರೂ ಇಂಟರ್‌ಕಾಮ್ ಮತ್ತು ಸಿಬಿ ಹೋಗುತ್ತವೆ. ಹ್ಯಾಂಡಲ್ ಗುಂಡಿಗಳು ಕೆಲಸ ಮಾಡಬೇಕಾದರೆ ನಡುವೆ ಅಡಾಪ್ಟರ್ ಬೇಕು. ಆ ಗುಂಡಿಗಳು ಯಾವ ಸಂಕೇತ ಕಳಿಸುತ್ತವೆ ಎಂಬುದನ್ನು ನೀವು ಹೇಳದ ಕಾರಣ ಯಾರೋ ಬೈಕ್ ಬಿಚ್ಚಿಟ್ಟುಕೊಂಡು ಪತ್ತೆ ಹಚ್ಚಿ ಆ ಅಡಾಪ್ಟರ್ ಮಾಡಬೇಕು. ನಾವು ದುಡ್ಡು ಕೊಟ್ಟು ಕೊಂಡ ಗುಂಡಿಗಳು ಸ್ವಾಮಿ ಅವು.

ವೆದರ್ ಬ್ಯಾಂಡ್ ಮತ್ತು ರೇಡಿಯೊ ರಿಸೀವರ್ ವಿಷಯದಲ್ಲಿ ನನ್ನದು ಗಟ್ಟಿ ನಿಲುವು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ನಮ್ಮ ರಾಜ್ಯದ ಆಶ್‌ವಿಲ್ ಸುತ್ತಲಿನ ಬೆಟ್ಟಗಳನ್ನು ಕೊಚ್ಚಿ ಹಾಕಿದಾಗ ಪಾರ್ಕ್‌ವೇ ಮುಚ್ಚಿತು, ಮೊಬೈಲ್ ಟವರುಗಳು ದಿನಗಟ್ಟಲೆ ಸತ್ತುಬಿದ್ದವು. ಎಲ್ಲಿ ನೀರು ಸಿಗುತ್ತದೆ, ಯಾವ ರಸ್ತೆ ತೆರೆದಿದೆ ಎಂದು ಜನ ತಿಳಿದುಕೊಂಡದ್ದು ಸ್ಥಳೀಯ ರೇಡಿಯೊ ಕೇಂದ್ರಗಳಿಂದ. ಹೊಸ ಬೈಕ್‌ಗಳಲ್ಲಿ ಎಲ್ಲವೂ ಫೋನ್ ಮೂಲಕವೇ ಬರಲಿ ಎಂದು ರೇಡಿಯೊ ರಿಸೀವರನ್ನೇ ತೆಗೆದುಹಾಕುವ ಯೋಚನೆ ನಿಮಗಿದ್ದರೆ ದಯವಿಟ್ಟು ಬಿಡಿ.

ಸದ್ದು ಜಾಸ್ತಿ ಬೇಕೆಂದು ನಾವು ಸ್ಟೀರಿಯೊ ಬದಲಿಸುತ್ತೇವೆ ಎಂಬ ಮಾತಿದೆ. ಹಾಗೆ ಮಾಡುವವರೂ ಇದ್ದಾರೆ, ಅವರು ಪಾರ್ಕಿಂಗ್ ಜಾಗದಲ್ಲಿ ಮಾಡುವ ಗದ್ದಲ ನನಗೂ ಸೇರದು. ಹೆದ್ದಾರಿಯಲ್ಲಿ ಹೆಲ್ಮೆಟ್ ಒಳಗಿನ ಗಾಳಿಯ ಸದ್ದೇ 90 ಡೆಸಿಬೆಲ್ ದಾಟುತ್ತದೆ. 85 ಡೆಸಿಬೆಲ್‌ಗೆ ದಿನಕ್ಕೆ ಎಂಟು ಗಂಟೆ, ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧಕ್ಕೆ ಇಳಿಯಲಿ ಎನ್ನುವುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆ. ಆ ಗಾಳಿಯನ್ನು ಮೀರಿಸಲು ಹೊರಟ ಸ್ಪೀಕರು ಕಿವಿಯನ್ನೇ ತಿನ್ನುತ್ತದೆ. ನನಗೆ ಬೇಕಾದದ್ದು 45 ಮೈಲಿ ವೇಗದಲ್ಲಿ ಮಾತು ಸ್ಪಷ್ಟವಾಗಿ ಕೇಳುವಷ್ಟು ಒಳ್ಳೆಯ ದನಿ. ಸ್ಪೀಕರ್ ಮಾತ್ರ ಬದಲಿಸಿದರೆ ಅದು ಸಿಗುವುದಿಲ್ಲ, ಏಕೆಂದರೆ ನಿಮ್ಮ ಯೂನಿಟ್ಟಿನ ಈಕ್ವಲೈಸರು ಹಳೆಯ ಸ್ಪೀಕರಿನ ಅಳತೆಗೆ ಹೊಂದಿಸಿಟ್ಟದ್ದು. ಅದನ್ನು ತಿದ್ದುವ ಸಾಫ್ಟ್‌ವೇರ್ ನೀವು ಕೊಡುವುದು ಡೀಲರಿಗೆ, ಮಾಲೀಕನಿಗಲ್ಲ. ಕೊನೆಗೆ ಇಡೀ ಯೂನಿಟ್ಟನ್ನೇ ಕಿತ್ತು ಹಾಕುವ ಕಡೆಗೆ ನಮ್ಮನ್ನು ತಳ್ಳುವವರು ನೀವೇ.

ವಾರಂಟಿಯ ಹೆದರಿಕೆಯೂ ಒಂದಿದೆ. ಹೊರಗಿನ ಭಾಗ ಹಾಕಿದರೆ ವಾರಂಟಿ ಹೋಯಿತು ಎಂದು ಕೌಂಟರಿನಲ್ಲಿ ಹೇಳಿಸಿಕೊಳ್ಳದ ರೈಡರ್ ಸಿಗುವುದು ಕಷ್ಟ. 1975ರ ಮ್ಯಾಗ್ನುಸನ್-ಮಾಸ್ ಕಾಯಿದೆ ಅಂಥ ಕಟ್ಟನ್ನು ಒಪ್ಪುವುದಿಲ್ಲ. 2022ರ ಜೂನ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹಾರ್ಲೆ-ಡೇವಿಡ್‌ಸನ್ ಮೇಲೆ ಇದೇ ಕಾರಣಕ್ಕೆ ಕ್ರಮ ಕೈಗೊಂಡಿತು. ಬೇರೆ ಕಂಪನಿಯ ಭಾಗ ಬಳಸಿದರೆ ವಾರಂಟಿ ರದ್ದಾಗದು ಎಂದು ವಾರಂಟಿಯಲ್ಲೇ ಬರೆಯಬೇಕೆಂದು ಆದೇಶಿಸಿತು. ಅದೇ ವರ್ಷ ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗೆಂದು ಪೋರ್ಟಲ್ ತೆರೆದು, ವಾಹನಗಳನ್ನೂ ಅದರಲ್ಲಿ ಸೇರಿಸಿತು.

ನಿಮ್ಮ ಉದ್ಯಮದ ಚರಿತ್ರೆಯನ್ನೂ ನೆನಪಿಸಬೇಕು. ಕಾರಿನ ರೇಡಿಯೊವನ್ನು ಜನಪ್ರಿಯ ಮಾಡಿದ್ದು ಕಾರು ಕಂಪನಿಯಲ್ಲ. 1930ರಲ್ಲಿ ಷಿಕಾಗೋದ ಗ್ಯಾಲ್ವಿನ್ ಕಂಪನಿ ಮೊಟೊರೋಲ ಎಂಬ ಹೆಸರಿಟ್ಟು ಅದನ್ನು ಹೊರಗಿನಿಂದ ಜೋಡಿಸುವ ವಸ್ತುವಾಗಿಯೇ ಮಾರಿತು. 1970ರ ದಶಕದಲ್ಲಿ ಅಮೆರಿಕದ ರೈಡರುಗಳು ತಮ್ಮ ಬೈಕುಗಳಿಗೆ ಇಲಿನಾಯ್‌ನ ಕ್ರೇಗ್ ವೆಟರ್ ಮಾಡಿದ ವಿಂಡ್‌ಜಾಮರ್ ಫೇರಿಂಗ್ ಕಟ್ಟಿಕೊಂಡು ಊರೂರು ತಿರುಗಿದರು. ಹೋಂಡಾ ತನ್ನ ಗೋಲ್ಡ್‌ವಿಂಗ್‌ಗೆ ಕಾರ್ಖಾನೆಯಲ್ಲೇ ಫೇರಿಂಗು, ಪೆಟ್ಟಿಗೆ ಜೋಡಿಸಿ ಇಂಟರ್‌ಸ್ಟೇಟ್ ಎಂದು ಮಾರಿದ್ದು 1980ರಲ್ಲಿ. ಟೂರಿಂಗ್ ಬೈಕ್ ಹೇಗಿರಬೇಕೆಂದು ನಿಮಗೆ ಕಲಿಸಿದವರು ಹೊರಗಿನ ಭಾಗ ಮಾಡಿದವರು, ಅದನ್ನು ಕೊಂಡು ಜೋಡಿಸಿಕೊಂಡ ನಮ್ಮಂಥವರು.

ಮನಸ್ಸು ಮಾಡಿದರೆ ನಿಮ್ಮಿಂದ ಆಗುತ್ತದೆ ಎನ್ನುವುದಕ್ಕೂ ಗೋಲ್ಡ್‌ವಿಂಗೇ ಸಾಕ್ಷಿ. ಆಪಲ್ ಕಾರ್‌ಪ್ಲೇ ಮೊದಲು ಬಂದ ಬೈಕು 2018ರ ಗೋಲ್ಡ್‌ವಿಂಗ್. ಎರಡು ವರ್ಷದ ನಂತರ, ಆಗಲೇ ಮಾರಾಟವಾಗಿದ್ದ ಬೈಕ್‌ಗಳಿಗೂ ಬರೀ ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿ ಹೋಂಡಾದವರು ಆಂಡ್ರಾಯ್ಡ್ ಆಟೊ ಕೊಟ್ಟರು. ಒಳ್ಳೆಯ ಕೆಲಸ. ಆದರೆ ಸಾಫ್ಟ್‌ವೇರೂ ಒಂದು ದಿನ ನಿಲ್ಲುತ್ತದೆ, ಪರದೆಯೂ ಒಂದು ದಿನ ಕೆಡುತ್ತದೆ. ಈಗ ಆ ಪರದೆಗೇ ಹೀಟೆಡ್ ಗ್ರಿಪ್, ಸಸ್ಪೆನ್ಷನ್ ಎಲ್ಲ ಜೋಡಿಸುತ್ತಿದ್ದೀರಿ. 2040ರಲ್ಲಿ ಆ ಬೈಕನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವನು ಹಾಡಿಗಾಗಿ ಪರದೆ ತೆಗೆದರೆ ಸಸ್ಪೆನ್ಷನ್ ಹೊಂದಿಸುವ ದಾರಿಯೂ ಹೋಗುತ್ತದೆ.

ಆದ್ದರಿಂದ ನಾನು ಕೇಳುವುದು ಇಷ್ಟು. ಹಾಡಿನ ಪೆಟ್ಟಿಗೆಯನ್ನು ಬೈಕ್ ನಡೆಸುವ ಪೆಟ್ಟಿಗೆಯಿಂದ ಬೇರೆ ಇಡಿ. ಅದು ಕೂರುವ ಜಾಗಕ್ಕೆ ನೀವೆಲ್ಲ ಸೇರಿ ಒಂದು ಅಳತೆ, ಒಂದು ಪ್ಲಗ್ಗು ಗೊತ್ತು ಮಾಡಿ. ಹ್ಯಾಂಡಲ್ ಗುಂಡಿಗಳ ಸಂಕೇತವನ್ನು ಬಹಿರಂಗಪಡಿಸಿ. ಇದಕ್ಕೆಲ್ಲ ವರ್ಷಗಳು ಹಿಡಿಯುತ್ತವೆ ಎಂದರೆ ಒಪ್ಪುತ್ತೇನೆ. ಆದರೆ ನೀವು ತಯಾರಿಸುವುದನ್ನೇ ನಿಲ್ಲಿಸಿರುವ ಮಾದರಿಗಳ ರೇಡಿಯೊ ವೈರಿಂಗ್ ನಕ್ಷೆಗಳು ನಿಮ್ಮ ಕಪಾಟಿನಲ್ಲಿ ಈಗಾಗಲೇ ಇವೆ. ಅವುಗಳಿಂದ ನಿಮಗೆ ಇನ್ನು ಮೂರು ಕಾಸಿನ ಲಾಭವೂ ಇಲ್ಲ. ಅವನ್ನು ಈ ವರ್ಷವೇ ಉಚಿತವಾಗಿ ಬಿಡುಗಡೆ ಮಾಡಿ, 2009ರ ಮಾದರಿಯಿಂದಲೇ ಶುರು ಮಾಡಿದರೂ ಸರಿ.

ಇಂತಿ,
ನಿಮ್ಮ ಬೈಕ್ ಓಡಿಸುವ ಒಬ್ಬ ಕನ್ನಡಿಗ